ಝೆರಾಕ್ಸ್ ಚರ್ಚು, ಝೆರಾಕ್ಸ್ ರಿಪೋರ್ಟು

ಸ್ಟಡಿ ಟೂರ್ ರಿಪೋರ್ಟ್ ಹೇಗೆ ತಯಾರಾಗುತ್ತೆ ಅಂತ ಈ ಪತ್ರಿಕೆ ಓದುವ ಯಾರಿಗೂ ವಿವರಿಸಬೇಕಾಗಿಲ್ಲ. ಸೀನಿಯರ್ ಹತ್ತಿರ ಇರುವ ಫೈಲ್ ಇಸ್ಕೊಳ್ಳೋದು, ಮೊದಲ ಪುಟದಲ್ಲಿ ಹೆಸರು, ಯುಎಸ್‌ಎನ್ ಬದಲಿಸೋದು, ನಡುನಡುವೆ ನಮ್ಮ ಗುಂಪಿನ ಫೋಟೊ ತುರುಕೋದು, ಸ್ಪೈರಲ್ ಬೈಂಡಿಂಗ್ ಮಾಡಿಸೋದು. ಅರ್ಧ ಗಂಟೆಯ ಕೆಲಸ. ಮೈಸೂರಿಗೆ ಹೋಗಿ ಬಂದ ನಮ್ಮ ಐದು ಜನರ ತಂಡವೂ ಹಾಗೇ ಮಾಡಿತು. ಕೆಆರ್‌ಎಸ್ ಮೇಲೆ ಆರು ಪುಟ, ಅರಮನೆ ಮೇಲೆ ಮೂರು, ಸಂತ ಫಿಲೋಮಿನಾ ಚರ್ಚ್ ಮೇಲೆ ಒಂದೇ ಪುಟ.

ಆ ಒಂದು ಪುಟದಲ್ಲೇ ಸಿಕ್ಕಿಬಿದ್ದೆವು. ಸರ್ ಕೆಂಪು ಪೆನ್ನಿನಿಂದ ಎರಡು ಕಡೆ ಸುತ್ತು ಹಾಕಿದ್ದರು. ಒಂದು, ‘1843ರಲ್ಲಿ ಕಟ್ಟಲಾದ ಈ ಚರ್ಚು’ ಅನ್ನುವ ಮಾತಿಗೆ. ಇನ್ನೊಂದು, ಇಡೀ ರಿಪೋರ್ಟಿನಲ್ಲಿ ನಾವೇ ಸ್ವಂತವಾಗಿ ಬರೆದಿದ್ದ ಒಂದೇ ಒಂದು ವಾಕ್ಯಕ್ಕೆ: ‘ಇದು ಜರ್ಮನಿಯ ಕೊಲೋನ್ ಕೆಥೆಡ್ರಲ್‌ನ ನಕಲಾದ್ದರಿಂದ ಎಂಜಿನಿಯರಿಂಗ್ ದೃಷ್ಟಿಯಿಂದ ವಿಶೇಷವೇನೂ ಇಲ್ಲ.’

“ನಕಲು ಹೊಡದವರು ಇನ್ನೊಬ್ಬರದ್ದು ನಕಲು ಅಂತ ಬರದೀರಿ. ಭಾಳ ಛಲೋ ಆತು. ಈ ಪುಟ ಅಷ್ಟ ಮತ್ತ ಬರದು ತರ್ರಿ,” ಅಂದರು.

ನಾಚಿಕೆ ಆಯಿತು, ಸುಳ್ಳು ಯಾಕೆ ಹೇಳಬೇಕು. ಹಿಂದಿನ ಫೈಲ್‌ಗಳನ್ನು ತೆಗೆದು ನೋಡಿದರೆ 1843 ಅನ್ನೋದು ಮೂರು ಬ್ಯಾಚುಗಳಿಂದ ಹಾಗೇ ಇಳಿದು ಬಂದಿದೆ. ಮತ್ತೆ ಬರೆಯಲು ಕೂತೆವು. ಕೂತ ಮೇಲೆ ಒಂದು ಪುಟಕ್ಕೆ ಅದು ಮುಗಿಯಲಿಲ್ಲ. ಉಳಿದದ್ದು ಇಲ್ಲಿದೆ.

ಮೊದಲು ಆ ಇಸವಿಯ ತಕರಾರು ಮುಗಿಸೋಣ. 1843 ಪೂರ್ತಿ ಸುಳ್ಳೂ ಅಲ್ಲ. ಆ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಒಂದು ಚಿಕ್ಕ ಚರ್ಚು ಎದ್ದಿತ್ತು. ಜಗತ್ತನ್ನು ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರಿನಲ್ಲಿ ಇದನ್ನು ಕಟ್ಟಿದೆ ಅಂತ ಹೇಳುವ ಆಗಿನ ಶಾಸನ ಈಗಿನ ಚರ್ಚಿನಲ್ಲೂ ಉಳಿದಿದೆ. ಯಾರೋ ಒಬ್ಬ ಸೀನಿಯರ್ ಆ ಕಲ್ಲಿನ ಇಸವಿ ನೋಡಿ ಕಟ್ಟಡಕ್ಕೇ ಅದನ್ನು ಅಂಟಿಸಿರಬೇಕು. ನಾವು ಕಲ್ಲನ್ನೂ ನೋಡದೆ ಅದನ್ನೇ ಅಂಟಿಸಿದೆವು.

ಈಗ ನಿಂತಿರುವ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1933ರ ಅಕ್ಟೋಬರ್ 28ರಂದು. ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದರ ಹಿಂದಿನ ಕತೆ 1926ರದ್ದು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಪೋಪ್ ಅವರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ತರಿಸಿಕೊಂಡರು. ಅದು ಫಾದರ್ ಕೋಶೆ ಅವರ ಕೈಗೆ ಬಂತು. ಅವರು ಅರಮನೆಗೆ ಹೋಗಿ, ಈ ಸಂತಳ ಹೆಸರಲ್ಲಿ ಒಂದು ಚರ್ಚು ಕಟ್ಟಲು ನೆರವಾಗಬೇಕು ಅಂತ ಕೇಳಿದರು. ನಕ್ಷೆ ಮಾಡಿದವರು ಡಾಲಿ ಅನ್ನುವ ಫ್ರೆಂಚರು. ಕೆಲಸ ಪೂರ್ತಿಯಾದದ್ದು ಬಿಷಪ್ ರೆನೆ ಫ್ಯೂಗಾ ಅವರ ಉಸ್ತುವಾರಿಯಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾಯಿತು. ಮೈಸೂರು ಧರ್ಮಪ್ರಾಂತ್ಯಕ್ಕೆ ಇಂದು ಇದೇ ಪ್ರಧಾನಾಲಯ, ಅಂದರೆ ಕೆಥೆಡ್ರಲ್. ಸಂತ ಜೋಸೆಫರ ಹೆಸರೂ ಜೊತೆಗಿದೆ, ಆದರೆ ಊರ ಬಾಯಲ್ಲಿ ಫಿಲೋಮಿನಾ ಚರ್ಚೇ. ಸಿಟಿ ಬಸ್ಸಿನ ಕಂಡಕ್ಟರನ್ನು ಕೇಳಿ ನೋಡಿ.

ಇಲ್ಲಿ ಒಂದು ಅಡ್ಡಕತೆ ಹೇಳಲೇಬೇಕು, ನಮ್ಮನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಅದೇ. ಈ ಫಿಲೋಮಿನಾ ಯಾರು? 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ ಒಂದು ಗೋರಿ ಸಿಕ್ಕಿತು. ಒಳಗೆ ಎಳೆಯ ಹುಡುಗಿಯೊಬ್ಬಳ ಎಲುಬುಗಳು. ಗೋರಿಯ ಬಾಯಿಗೆ ಮೂರು ಹೆಂಚು ಮುಚ್ಚಿದ್ದರು. ಹೆಂಚಿನ ಮೇಲೆ ಲ್ಯಾಟಿನ್ ಅಕ್ಷರ. ಇದ್ದ ಹಾಗೆ ಓದಿದರೆ ‘ಲುಮೆನಾ – ಪಾಕ್ಸ್ ತೆ – ಕುಮ್ ಫಿ’. ಅರ್ಥ ಇಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ ‘ಪಾಕ್ಸ್ ತೆಕುಮ್ ಫಿಲುಮೆನಾ’: ಫಿಲುಮೆನಾ, ನಿನಗೆ ಶಾಂತಿ. ಹೀಗೆ ಹೆಸರು ಸಿಕ್ಕಿತು, ಭಕ್ತಿ ಹಬ್ಬಿತು, ಯುರೋಪಿನಿಂದ ಮೈಸೂರಿನ ತನಕ ಬಂತು. ಆಮೇಲೆ ಬಂದ ಪುರಾತತ್ವದವರಲ್ಲಿ ಕೆಲವರು, ಹೆಂಚು ಅದಲು ಬದಲಾಗಿದ್ದೇ ಯಾಕೆ ಅಂದರೆ ಅವು ಬೇರೆ ಹಳೆಯ ಗೋರಿಯಿಂದ ಕಿತ್ತು ತಂದು ಮತ್ತೆ ಬಳಸಿದ ಹೆಂಚುಗಳು, ಆ ಹೆಸರು ಈ ಹುಡುಗಿಯದ್ದಲ್ಲ ಅಂದರು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಮೈಸೂರಿನಲ್ಲಿ ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಅವಳ ಪ್ರತಿಮೆಯ ಮುಂದೆ ಮೇಣದ ಬತ್ತಿ ಮಾತ್ರ ನಿಂತಿಲ್ಲ. ನಾವು ಹೋದಾಗ ಮದುವೆಯಾಗಿ ವಾರವೂ ಆಗಿರದ ಒಂದು ಜೋಡಿ, ಹಣೆಗೆ ಕುಂಕುಮ ಇಟ್ಟುಕೊಂಡವರು, ಅಲ್ಲಿ ಕೈಮುಗಿದು ನಿಂತಿದ್ದರು.

ಇದರ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ. ಆದರೆ ಹಳೆಯ ಹೆಂಚನ್ನು ಕ್ರಮ ನೋಡದೆ ಮತ್ತೆ ಬಳಸಿದ್ದು ಓದಿದಾಗ ನಮ್ಮ ರಿಪೋರ್ಟಿನ ನೆನಪಾಗಿ ಐದೂ ಜನ ನಕ್ಕೆವು.

ಈಗ ನಕಲಿನ ವಿಷಯ. ಕೊಲೋನ್ ನೋಡಿ ಮೈಸೂರಿನದ್ದನ್ನು ಕಟ್ಟಿದರು ಅನ್ನೋದು ನಿಜ. ಅವಳಿ ಗೋಪುರಗಳು ಅಲ್ಲಿಯವನ್ನೇ ಹೋಲುತ್ತವೆ. ಆದರೆ ‘ಮೂಲ’ ಅಂತ ನಾವು ಕರೆದ ಕೊಲೋನ್‌ನ ಕತೆ ಏನು? 1248ರಲ್ಲಿ ಶುರುವಾಯಿತು. ಹದಿನಾರನೇ ಶತಮಾನದಲ್ಲಿ ಕೆಲಸ ನಿಂತೇ ಹೋಯಿತು. ಅರ್ಧ ಗೋಪುರದ ತುದಿಯಲ್ಲಿ ಮರದ ಕ್ರೇನೊಂದು ನೂರಾರು ವರ್ಷ ಹಾಗೇ ನಿಂತು ಊರಿನ ಗುರುತಾಗಿಬಿಟ್ಟಿತ್ತಂತೆ. ಮುಂಭಾಗದ ಹಳೆಯ ನಕ್ಷೆ, ಸುಮಾರು ನಾಲ್ಕು ಮೀಟರ್ ಎತ್ತರದ ಚರ್ಮದ ಹಾಳೆ, ಎಲ್ಲೋ ಕಳೆದುಹೋಗಿತ್ತು. ಒಂದು ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನೊಂದು ಅರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ. ಎರಡನ್ನೂ ಜೋಡಿಸಿಕೊಂಡು 1842ರಲ್ಲಿ ಮತ್ತೆ ಕೆಲಸ ಹಿಡಿದರು, 1880ರಲ್ಲಿ ಮುಗಿಸಿದರು. ಅಂದರೆ ಮೈಸೂರಿಗೆ ಮಾದರಿಯಾದ ಆ ಗೋಪುರಗಳು ಹೆಚ್ಚಿನ ಪಾಲು ಹತ್ತೊಂಬತ್ತನೇ ಶತಮಾನದವು, ಹಳೆಯ ನಕ್ಷೆ ನೋಡಿ ಕಟ್ಟಿದವು. ಇನ್ನೂ ಮಜಾ ಇದೆ. ಆ ‘ಗೋಥಿಕ್’ ಕಟ್ಟಡದ ಛಾವಣಿಯ ಒಳಗಿರುವುದು ಕಬ್ಬಿಣದ ಟ್ರಸ್. ಐಫೆಲ್ ಗೋಪುರಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲೇ ಅಲ್ಲಿ ಕಬ್ಬಿಣ ಏರಿಸಿದ್ದರು. ಹೊರಗೆ ಹದಿಮೂರನೇ ಶತಮಾನ, ಮಾಡಿನ ಒಳಗೆ ರೈಲ್ವೆ ಸ್ಟೇಷನ್ನಿನ ಕಾಲ.

ಎರಡನೆಯ ಮಾತು ಸ್ಕೇಲ್‌ದು. ಕೊಲೋನ್ ಗೋಪುರ 157 ಮೀಟರ್. ಮೈಸೂರಿನದ್ದು 175 ಅಡಿ, ಅಂದರೆ 53 ಮೀಟರ್. ಸರಿಸುಮಾರು ಮೂರನೇ ಒಂದು ಭಾಗ. ಝೆರಾಕ್ಸ್ ಮಷೀನಿನಲ್ಲಿ ಶೇಕಡಾ 33 ಅಂತ ಒತ್ತಿದ ಹಾಗೆ ಅಂದುಕೊಂಡಿದ್ದೆವು. ಆಮೇಲೆ ಪೇಪರ್ ಮೇಲೆ ಲೆಕ್ಕ ಮಾಡಿದೆವು. ಅದೇ ಕಲ್ಲು, ಅದೇ ಆಕಾರ, ಎಲ್ಲ ಅಳತೆಯೂ ಮೂರನೇ ಒಂದು ಅಂತ ಇಟ್ಟುಕೊಳ್ಳಿ. ತೂಕ 27ನೇ ಒಂದು ಭಾಗಕ್ಕೆ ಇಳಿಯುತ್ತೆ. ತೂಕ ಹೊರುವ ಬುಡದ ವಿಸ್ತೀರ್ಣ 9ನೇ ಒಂದು ಭಾಗಕ್ಕೆ. ಹಾಗಾಗಿ ಬುಡದಲ್ಲಿ ಸ್ವಂತ ತೂಕದ ಒತ್ತಡ ಮೂರನೇ ಒಂದು ಭಾಗ ಆಗುತ್ತೆ. ಒಳ್ಳೇದಾಯ್ತಲ್ಲ ಅಂತ ನಾವೂ ಅಂದುಕೊಂಡೆವು. ಆದರೆ ಗಾಳಿ? ಗಾಳಿಯ ಒತ್ತಡಕ್ಕೆ ನೀವು ನಕ್ಷೆಯನ್ನು ಚಿಕ್ಕದು ಮಾಡಿದ್ದು ಗೊತ್ತಾಗೋದಿಲ್ಲ. ಅದೇ ಗಾಳಿ ಬೀಸಿದರೆ ಬೆಂಡಿಂಗ್ ಮೊಮೆಂಟ್ 27ನೇ ಒಂದು, ಸೆಕ್ಷನ್ ಮಾಡ್ಯುಲಸ್ಸೂ 27ನೇ ಒಂದು, ಹಾಗಾಗಿ ಬಾಗುವಿಕೆಯ ಸ್ಟ್ರೆಸ್ ಹಾಗೇ ಉಳಿಯುತ್ತೆ. ಕಲ್ಲು, ಇಟ್ಟಿಗೆ, ಗಾರೆ ಯಾವುದೂ ಎಳೆತ ತಡೆಯೋದಿಲ್ಲ. ಗಾಳಿ ಒಂದು ಬದಿಯನ್ನು ಮೇಲಕ್ಕೆ ಎಳೆಯುವಾಗ ಗೋಪುರವನ್ನು ನೆಲಕ್ಕೆ ಹಿಡಿಯುವುದು ಅದರ ತೂಕ. ಚಿಕ್ಕ ಗೋಪುರದಲ್ಲಿ ಆ ಹಿಡಿತವೇ ಮೂರನೇ ಒಂದು ಭಾಗ. ಗಿಡ್ಡ ಗೋಪುರಕ್ಕೆ ಗಾಳಿ ಸ್ವಲ್ಪ ಕಡಿಮೆ ಅನ್ನೋದು ಖರೆ, ಆದರೂ ದೊಡ್ಡದನ್ನು ಚಿಕ್ಕದು ಮಾಡಿದರೆ ತಾನಾಗಿ ಭದ್ರ ಅನ್ನೋ ನಮ್ಮ ಲೆಕ್ಕ ಅಲ್ಲಿಗೆ ಬಿತ್ತು. ಯಾರೋ ಒಬ್ಬರು 1933ರಲ್ಲಿ ಕೂತು ಇದನ್ನೆಲ್ಲ ಮೊದಲಿನಿಂದ ಲೆಕ್ಕ ಹಾಕಬೇಕಿತ್ತು. ಕೊಲೋನ್‌ನಿಂದ ಬರೋದು ಆಕಾರ ಅಷ್ಟೇ, ಉತ್ತರ ಅಲ್ಲ.

ಒಳಗೆ ಫೋಟೊ ಬೇಡ ಅಂದಿದ್ದರು. ಆವತ್ತು ಬೇಜಾರಾಗಿತ್ತು, ಈಗ ಅದೇ ಒಳ್ಳೇದಾಯಿತು ಅನ್ನಿಸುತ್ತೆ. ನಮ್ಮಲ್ಲಿ ಹಾನಗಲ್ಲಿನ ಗೆಳತಿಯೊಬ್ಬಳು ಬೇರೆ ಕೆಲಸ ಇಲ್ಲದೆ ಬಸ್ಸಿನ ಹಾಜರಿ ಪಟ್ಟಿಯ ಹಿಂಬದಿಯಲ್ಲಿ ಒಂದು ಚೂಪು ಕಮಾನು ಬರೆದಳು. ಶಿಲುಬೆಯಾಕಾರದ ತಳವಿನ್ಯಾಸವನ್ನೂ ಗೀಚಿದಳು: ಉದ್ದನೆಯ ತೋಳು ಜನ ಕೂರುವ ಹಜಾರ, ಎಂಟುನೂರು ಮಂದಿ ಹಿಡಿಯುವಂಥದ್ದು. ಎರಡು ಅಡ್ಡ ತೋಳು. ಅವು ಕೂಡುವ ಕಡೆ ಬಲಿಪೀಠ. ನಮ್ಮ ಮೊಬೈಲುಗಳಲ್ಲಿ ಗೋಪುರದ ಮುಂದೆ ನಿಂತ ನಲವತ್ತು ಸೆಲ್ಫಿ ಇದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ರಿಪೋರ್ಟಿಗೆ ಬಂದದ್ದು ಆ ಹಾಜರಿ ಪಟ್ಟಿ.

ಕಮಾನಿನ ಮೇಲೆ ಬಾಣ ಹಾಕಲು ಶುರು ಮಾಡಿದಾಗ ಥರ್ಡ್ ಇಯರ್‌ನಲ್ಲಿ ಓದಿ ಮರೆತ ತ್ರೀ ಹಿಂಜ್ಡ್ ಆರ್ಚ್ ನೆನಪಾಯಿತು. ಕಮಾನು ಎರಡೂ ಬುಡಗಳನ್ನು ಹೊರಕ್ಕೆ ದೂಡುತ್ತೆ. ಆ ದೂಡುವ ಬಲ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತೆ, ಕಮಾನಿನ ಎತ್ತರಕ್ಕೆ ತಕ್ಕಂತೆ ಇಳಿಯುತ್ತೆ. ಅದೇ ಅಂತರಕ್ಕೆ ಎತ್ತರ ಎರಡು ಪಟ್ಟು ಮಾಡಿದರೆ ದೂಡುವಿಕೆ ಅರ್ಧ. ಅರ್ಧವೃತ್ತದ ಕಮಾನಿಗೆ ಎತ್ತರ ಅಂತರದ ಅರ್ಧಕ್ಕೇ ನಿಲ್ಲಬೇಕು, ಬೇರೆ ದಾರಿ ಇಲ್ಲ. ಚೂಪು ಕಮಾನಿಗೆ ಆ ಕಟ್ಟು ಇಲ್ಲ, ಎಷ್ಟು ಬೇಕಾದರೂ ಏರಿಸಬಹುದು. ಗೋಥಿಕ್ ಅಂದರೆ ಚೂಪು ಕಿಟಕಿ ಅಂತ ಬಾಯಿಪಾಠ ಮಾಡಿದ ನಮಗೆ ಆ ಚೂಪು ಒಂದು ಲೆಕ್ಕದ ಉತ್ತರ ಅಂತ ಯಾವ ಗೈಡೂ ಹೇಳಿರಲಿಲ್ಲ.

ಅದನ್ನು ನೋಡಿ ಹಾನಗಲ್ಲಿನವಳು, “ಹಂಗಾರ ನಮ್ಮ ತಾರಕೇಶ್ವರ ಗುಡಿ ಛತ್ತಿಗೆ ಈ ಬಾಣ ಎಲ್ಲಿ?” ಅಂದಳು. ಒಳ್ಳೇ ಪ್ರಶ್ನೆ. ಆ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ ದೊಡ್ಡ ಕಲ್ಲಿನ ತಾವರೆ. ಚಿಕ್ಕಂದಿನಿಂದ ನೋಡಿದ್ದಾಳೆ. ಚಾಲುಕ್ಯರ ಕಾಲದ ಶಿಲ್ಪಿಗಳು ಗುಮ್ಮಟದಂಥ ಛತ್ತು ಮಾಡುವಾಗ ಕಮಾನು ಕಟ್ಟುತ್ತಿರಲಿಲ್ಲ. ಒಂದು ಸುತ್ತು ಕಲ್ಲಿನ ಮೇಲೆ ಇನ್ನೊಂದು ಸುತ್ತು, ಪ್ರತಿ ಸುತ್ತೂ ಸ್ವಲ್ಪ ಒಳಕ್ಕೆ ಚಾಚಿ, ಹಿಂದೆ ಭಾರ ಹೇರಿ, ನಡುವೆ ಮುಚ್ಚುತ್ತಿದ್ದರು. ಭಾರ ಬಹುಮಟ್ಟಿಗೆ ನೇರ ಕೆಳಗೆ. ಕಮಾನಿನ ಹಾಗೆ ಹೊರಗೆ ದೂಡೋದು ಇಲ್ಲ, ಅದಕ್ಕೇ ಹೊರಗಿನಿಂದ ಆಸರೆಯೂ ಬೇಡ. ಪ್ರತಿಯಾಗಿ ಕಂಬಗಳು ಹತ್ತಿರ ಹತ್ತಿರ ಬೇಕು. ಬಂಕಾಪುರದ ಅರವತ್ತು ಕಂಬದ ಗುಡಿ ನೋಡಿದವರಿಗೆ ಅದು ಗೊತ್ತು. ಅಂದರೆ ಹಾನಗಲ್ಲಿನವರು ಮಾಡಿದ್ದು ಒಂದು ರೀತಿ, ಕೊಲೋನ್‌ನವರದ್ದು ಇನ್ನೊಂದು ರೀತಿ. ಎರಡನ್ನೂ ನಾವು ‘ಭವ್ಯ ವಾಸ್ತುಶಿಲ್ಪ’ ಅನ್ನೋ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ.

ನಮ್ಮ ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ ಅನ್ನೋದನ್ನೂ ಬರೆಯಬೇಕು. ಒಬ್ಬ ಗೆಳೆಯನ ವಾದ ಹೀಗಿತ್ತು: “1933 ಅಂದ್ರ ಕಾಂಕ್ರೀಟ್ ಕಾಲ ಲೇ. ಪ್ಯಾರಿಸ್ ಹತ್ರ ಲ ರಾನ್ಸಿಯೊಳಗ ಆಗಸ್ಟ್ ಪೆರೆ 1923ಕ್ಕ ಬರೀ ಕಾಂಕ್ರೀಟಿನ ಚರ್ಚ್ ಕಟ್ಟಿ ಮುಗಿಸಿದ್ದ. ಸಣ್ಣ ಸಣ್ಣ ಕಂಬ, ಜಾಳಿಗಿ ಗ್ವಾಡಿ, ಅದರಾಗ ಬಣ್ಣದ ಗಾಜು. ಮುಚ್ಚಿಟ್ಟಿದ್ದು ಏನೂ ಇಲ್ಲ. ನಮ್ಮ ಮೈಸೂರಿನವರು ಹತ್ತು ವರ್ಷದ ಮ್ಯಾಲ ಹಳೇ ಅಂಗಿ ಯಾಕ ಹಾಕ್ಕೊಂಡ್ರು?” ಬ್ರೆಸಿಲಿಯಾವನ್ನೂ ಅವನೇ ತಂದ. ಅಲ್ಲಿನ ಕೆಥೆಡ್ರಲ್ ಅಂದರೆ ಹದಿನಾರು ಬಾಗಿದ ಕಾಂಕ್ರೀಟ್ ಕಂಬ, ಒಂದೊಂದೂ 90 ಟನ್, ಮೇಲೆ ಕೈ ಬಿಚ್ಚಿದ ಹಾಗೆ. ಅಡಿಗಲ್ಲು 1958, ಪ್ರತಿಷ್ಠೆ 1970. ಗೋಡೆ ಇಲ್ಲ, ಕಂಬವೇ ಕಟ್ಟಡ. ಎಲ್ಲರೂ ಆಸ್ಕರ್ ನಿಮೆಯರ್ ಹೆಸರು ಹೇಳುತ್ತಾರೆ. ಕಂಬದ ಲೆಕ್ಕ ಹಾಕಿದ ಎಂಜಿನಿಯರ್ ಜೊವಾಕಿಂ ಕಾರ್ಡೋಜೊ ಅವರನ್ನು ಯಾರೂ ಹೇಳಲ್ಲ. ಆತ ಬ್ರೆಜಿಲ್‌ನ ಹೆಸರಾಂತ ಕವಿ ಕೂಡ ಅನ್ನೋದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಹೇಳದೆ ಬಿಡೋದು ಹೇಗೆ? ಸಿವಿಲ್‌ನವರಿಗೆ ಸಾಹಿತ್ಯ ಯಾಕೆ ಅಂತ ಕೇಳುವವರಿಗೆ ಇನ್ನು ಮೇಲೆ ಈ ಹೆಸರು ಹೇಳುತ್ತೇವೆ.

ಗೆಳೆಯನ ಮಾತಿನಲ್ಲಿ ಹುರುಳಿದೆ. ಆದರೂ ನಾವು ನಾಲ್ವರು ಪೂರ್ತಿ ಒಪ್ಪೋದಿಲ್ಲ. ಅದೇ ಮಹಾರಾಜರ ಕಾಲದಲ್ಲಿ, ಅಡಿಗಲ್ಲು ಬೀಳುವ ಹೊತ್ತಿಗೆ ಆಗತಾನೇ ಮುಗಿದಿದ್ದ ಕೆಆರ್‌ಎಸ್ ನೋಡಿ. ಅದು ಸಿಮೆಂಟಿನದ್ದಲ್ಲ, ಸುರ್ಕಿ ಗಾರೆಯದ್ದು. ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ. ಅದನ್ನು ಯಾರೂ ಹಳೇ ಅಂಗಿ ಅನ್ನೋದಿಲ್ಲ, ಕೈಗೆ ಸಿಕ್ಕಿದ್ದನ್ನು ತಿಳಿದು ಬಳಸಿದರು ಅಂತೇವೆ. ಚರ್ಚಿನ ವಿಷಯದಲ್ಲೂ ಆ ನ್ಯಾಯ ಸಲ್ಲಬೇಕು. ಹಿಂದೂ ರಾಜ ಅಡಿಗಲ್ಲು ಇಟ್ಟ, ಫ್ರೆಂಚ್ ಮನುಷ್ಯ ನಕ್ಷೆ ಬರೆದ, ಜರ್ಮನಿಯ ಗೋಪುರ ನೋಡಿ ಮೈಸೂರಿನಲ್ಲಿ ಕಟ್ಟಿದರು. ಆ ದಿನದ ಭಾಷಣದಲ್ಲಿ ನಾಲ್ವಡಿಯವರು ಈ ಚರ್ಚಿಗೆ ಎರಡು ಬುನಾದಿ ಅಂದಿದ್ದರು, ದೇವರ ಕರುಣೆ ಮತ್ತು ಜನರ ಕೃತಜ್ಞತೆ. ಮೂರನೆಯದಾಗಿ ಒಂದು ಸುಣ್ಣ ಕಲ್ಲಿನ ಬುನಾದಿಯೂ ಬೇಕಾಗಿತ್ತು, ಅದನ್ನು ಹಾಕಿದವರ ಹೆಸರು ಯಾವ ಬೋರ್ಡಿನಲ್ಲೂ ನಮಗೆ ಕಾಣಲಿಲ್ಲ.

ನಕಲಿನ ಬಗ್ಗೆ ನಮ್ಮ ಮನಸ್ಸು ಬದಲಿಸಿದ್ದು ಮೈಸೂರಲ್ಲ, ಗೊಟಗೋಡಿ. ನಮ್ಮಲ್ಲಿ ಒಬ್ಬ ಆ ಊರಿನವನು. ಟಿ.ಬಿ. ಸೊಲಬಕ್ಕನವರ ಅವರು ಹೆದ್ದಾರಿ ಪಕ್ಕ ಮಾಡಿದ ಉತ್ಸವ ರಾಕ್ ಗಾರ್ಡನ್ ಅವನಿಗೆ ಮನೆಯಂಗಳ ಇದ್ದ ಹಾಗೆ. ರಿಪೋರ್ಟ್ ಮತ್ತೆ ಬರೆಯುವ ವಾರದಲ್ಲೇ ಅಲ್ಲಿಗೆ ಹೋಗಿದ್ದೆವು. ಅಲ್ಲಿ ಎಲ್ಲವೂ ನಕಲೇ ಅಲ್ಲವಾ? ಸಿಮೆಂಟಿನ ಎತ್ತು, ಸಿಮೆಂಟಿನ ಕುಂಬಾರ, ಸಿಮೆಂಟಿನ ಅಜ್ಜಿ. ಆದರೆ ಎತ್ತಿನ ಕೊರಳು ನೊಗಕ್ಕೆ ಬಾಗುವ ಬಗೆ, ಬುಟ್ಟಿ ಹೊತ್ತವಳ ಸೊಂಟ ಒಂದು ಕಡೆ ವಾಲುವ ಬಗೆ ನೋಡಿ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅಂತ ಆ ಕಲಾವಿದರಿಗೆ ಗೊತ್ತಿತ್ತು. ನಮ್ಮ ಗೊಟಗೋಡಿಯವನು, “ನಮ್ಮಜ್ಜಿ ಹಿಂಗ ಕುಂಡ್ರತಿದ್ಲು,” ಅಂದ. ಅಷ್ಟೇ. ನಕಲು ಅನ್ನೋ ಪದ ಅಲ್ಲಿ ಯಾರ ಬಾಯಿಗೂ ಬರಲಿಲ್ಲ.

ಇದಕ್ಕೆ ತದ್ವಿರುದ್ಧ ನೋಡಬೇಕಾದರೆ ನಮ್ಮ ಸುತ್ತಲಿನ ಹೊಸ ಮದುವೆ ಮಂಟಪ, ಹೊಸ ಕಾಲೇಜುಗಳ ಮುಂಬಾಗಿಲಿಗೆ ಹೋಗಿ. ದಾರಿಯಲ್ಲಿ ಒಂದು ಕಡೆ ಇಳಿದು ಅಂಥ ದಪ್ಪ ರೋಮನ್ ಕಂಬವೊಂದನ್ನು ಬೆರಳಿನಿಂದ ಬಡಿದೆವು. ಡಬ್ ಡಬ್ ಅಂತು. ಒಳಗೆ ಒಂಬತ್ತು ಇಂಚಿನ ಕಂಬ, ಹೊರಗೆ ಟೊಳ್ಳು ಚಿಪ್ಪು. ಮೇಲಿನ ಕಮಾನೂ ಹಾಗೇ: ನೇರ ಬೀಮಿನ ಕೆಳಗೆ ನೇತುಹಾಕಿದ ಪಿಒಪಿ. ಕಮಾನು ಬೀಮನ್ನು ಹೊರಬೇಕಾದ ಕಡೆ ಬೀಮೇ ಕಮಾನನ್ನು ಹೊತ್ತಿದೆ. ಗೆಳೆಯ ಮೈಸೂರಿನ ಚರ್ಚಿನ ಮೇಲೆ ಮಾಡಿದ ಸಿಟ್ಟು ಇಲ್ಲಿಗೆ ಸಲ್ಲಬೇಕಾದದ್ದು ಅಂತ ನಮ್ಮ ಅಭಿಪ್ರಾಯ. ಇನ್ನು ನಾಲ್ಕೈದು ವರ್ಷದಲ್ಲಿ ಇಂಥವಕ್ಕೆ ಡ್ರಾಯಿಂಗ್ ಮಾಡಿ ಸಹಿ ಹಾಕುವವರು ನಾವೇ ಆಗಿರುತ್ತೇವೆ, ಅದು ಬೇರೆ ಮಾತು. ಈಗಿನ ರಿಪೋರ್ಟ್ ಬರೆಯುವ ರೀತಿಯಲ್ಲೇ ಸಹಿಯೂ ಬೀಳುತ್ತೆ ಅನ್ನೋ ಹೆದರಿಕೆ ನಮಗಿದೆ.

ಹಾಗಾಗಿ ಡಿಪಾರ್ಟ್‌ಮೆಂಟಿಗೆ ಒಂದು ಮನವಿ ಕೊಟ್ಟಿದ್ದೇವೆ. ಟೂರ್ ರಿಪೋರ್ಟ್ ಮೂವತ್ತು ಪುಟ ಬೇಡ. ನೋಡಿದ ಒಂದೊಂದು ಕಟ್ಟಡಕ್ಕೂ ಒಂದು ಹಾಳೆ ಸಾಕು, ಕೈಯಲ್ಲೇ ಬರೆದ ಚಿತ್ರ ಇರಬೇಕು, ಛಾವಣಿಯ ಭಾರ ನೆಲ ಮುಟ್ಟುವ ದಾರಿಗೆ ಬಾಣ ಹಾಕಿರಬೇಕು, ಇಸವಿ ಬರೆದರೆ ಅದನ್ನು ಎಲ್ಲಿ ಓದಿದೆವು ಅಂತ ಬರೆದಿರಬೇಕು. ಅಂಕ ಈಗಿನಷ್ಟೇ ಇರಲಿ. ಕೆಲವರು ಇದು ಕೆಲಸ ಹೆಚ್ಚಿಸೋ ಐಡಿಯಾ ಅಂತ ಬೈದರು. ಚಿತ್ರ ಬರೆಯೋಕೆ ಬರಲ್ಲ ಅಂದವರಿಗೆ ನಮ್ಮ ಹಾಜರಿ ಪಟ್ಟಿ ತೋರಿಸಿದೆವು. ಅದೂ ಸೊಟ್ಟಗೇ ಇದೆ.

ತಿದ್ದಿದ ಪುಟವನ್ನು ಸರ್‌ಗೆ ಕೊಟ್ಟಾಗ ನಾಲ್ಕು ಪುಟ ಆಗಿತ್ತು. 1933 ಸರಿಯಾಗಿತ್ತು, ಸ್ಕೇಲ್ ಲೆಕ್ಕಕ್ಕೆ ಟಿಕ್ ಬಿತ್ತು. ಕಮಾನಿನ ಚಿತ್ರದ ಬುಡದಲ್ಲಿ ಮಾತ್ರ ಮತ್ತೆ ಒಂದು ಕೆಂಪು ಸುತ್ತು. ಹೊರಕ್ಕೆ ದೂಡುವ ಬಾಣವನ್ನು ಗೋಡೆಯ ತನಕ ತಂದು ಅಲ್ಲೇ ಬಿಟ್ಟಿದ್ದೆವು. ಪಕ್ಕದಲ್ಲಿ ಬರೆದಿದ್ದರು: ‘ಇದು ಮುಂದ ಎಲ್ಲಿಗೆ ಹೋತು?’ ನಾವು ಐದೂ ಜನ ಮುಂಬಾಗಿಲಿನ ಕಡೆಯೇ ನಿಂತು ನೋಡಿ ಬಂದಿದ್ದೆವು, ಪಕ್ಕದ ಗೋಡೆಯ ಹೊರಗೆ ಸುತ್ತಿರಲಿಲ್ಲ. ಈ ಸಲ ಮೈಸೂರಿಗೆ ಹೋಗುವ ಜೂನಿಯರ್ಸ್, ದಯವಿಟ್ಟು ಚರ್ಚಿನ ಎಡಕ್ಕೆ ಹೋಗಿ, ಹೊರಗಿನಿಂದ ಒಂದು ಸುತ್ತು ಹಾಕಿ, ಚಿತ್ರ ಬರೆದುಕೊಂಡು ಬನ್ನಿ. ಆ ಬಾಣ ಇನ್ನೂ ಅಲ್ಲೇ ನಿಂತಿದೆ.